ಮಿಸ್ಬಾ ತಂದ ಕಂಟೈನರು

ಗುಂಡ್ಲುಪೇಟೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ಹಿದಾಯತ್ ಉಲ್ಲಾ ಅವರ ಹಿರಿಮಗಳು ಮಿಸ್ಬಾಗೆ ಒಂದು ಚಟ. ಯಾರಾದರೂ ಕಷ್ಟ ಹೇಳಿಕೊಳ್ಳಲು ಶುರುಮಾಡಿದರೆ ಸಾಕು, ಮಾತು ಮುಗಿಯುವ ಮೊದಲೇ "ಅದಕ್ಕೊಂದು ಆಪ್ ಮಾಡಿದ್ರಾಯ್ತು" ಅನ್ನುವಳು. ಮೈಸೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಅವಳು ತಂಗಿಯ ಮದುವೆಯ ಊಟದ ಅಂದಾಜಿಗೂ ಆಪ್ ಮಾಡಿದ್ದಳು. ಅದು ನೆಂಟರನ್ನೆಲ್ಲ ಎರಡೆರಡು ಸಲ ಎಣಿಸಿದ್ದರಿಂದ ಬೀದಿಯ ನಾಯಿಗಳೂ ಬಿರಿಯಾನಿ ಸಾಕಪ್ಪಾ ಅಂದಿದ್ದವು.

ಅವಳ ತಾಯಿ ಆಮಿನಾ ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳುತ್ತಿದ್ದದ್ದು ಊರಂಚಿನ ಉಚಿತ ಕ್ಲಿನಿಕ್‌ನಲ್ಲಿ. ಅರಿಶಿನ ಬೆಳೆಯುವ ಶಿವರುದ್ರಸ್ವಾಮಿಯವರು ಅದನ್ನು ತಮ್ಮ ತಂದೆಯ ಹೆಸರಿನಲ್ಲಿ ನಡೆಸುತ್ತಿದ್ದರು. ಅಮ್ಮನನ್ನು ಕರೆದುಕೊಂಡು ಹೋಗಿದ್ದ ಮಿಸ್ಬಾಳ ಮುಂದೆ ನರ್ಸ್ ನಾಗಲಕ್ಷ್ಮಿ ಒಂದು ದಿನ ಗೋಳು ತೋಡಿಕೊಂಡರು.

"ಒಂದ್ಸಲ ಮಾತ್ರೆ ತಕಂಡೋದ್ರೆ ವಾಸಿ ಆಗೋಯ್ತು ಅನ್ಕತಾರೆ ಕಣಮ್ಮ. ಕಾಲಲ್ಲಿ ಗಾಯ ಆದಾಗ್ಲೇ ಮತ್ತೆ ಮಕ ತೋರ್ಸೋದು."

"ಅದಕ್ಕೊಂದು ಆಪ್ ಮಾಡಿದ್ರಾಯ್ತು," ಅಂದಳು ಮಿಸ್ಬಾ.

ಮಾಡಿಯೂ ಮಾಡಿದಳು. ಯಾರಿಗೆ ಶುಗರ್ ಎಷ್ಟು, ಬಿಪಿ ಎಷ್ಟು, ಮುಂದೆ ಬರಬೇಕಾದ್ದು ಯಾವಾಗ ಎಂದು ಕ್ಲಿನಿಕ್‌ನ ಕಂಪ್ಯೂಟರಿನಲ್ಲಿ ಹಾಕಿದರೆ ಅದು ತಾನಾಗಿ ರೋಗಿಯ ಫೋನಿಗೆ ಮೆಸೇಜು ಕಳಿಸುತ್ತಿತ್ತು. ಎಲ್ಲ ಸಿದ್ಧವಾದ ಮೇಲೆ ಶಿವರುದ್ರಸ್ವಾಮಿಯವರಿಗೆ ಫೋನು ಮಾಡಿದಳು.

"ಸಾರ್, ರೆಡಿ ಆಯ್ತು. ಕಂಟೈನರ್‌ಗೆ ಹಾಕಿದ್ದೀನಿ. ಸೋಮವಾರ ತರ್ತೀನಿ."

"ಕಂಟೈನರಾ?" ಎಂದು ಅವರು ಬೆರಗಾಗಿ, "ತತ್ತಾ ಮಗ, ಜಾಗ ಮಾಡುಸ್ತೀನಿ," ಅಂದರು.

ಸೋಮವಾರ ಮಿಸ್ಬಾ ಸ್ಕೂಟರಿನಲ್ಲಿ ಹೋಗಿ ನೋಡಿದರೆ ಕ್ಲಿನಿಕ್‌ಗೆ ಗೇಟೇ ಇಲ್ಲ. ಅಕ್ಕಪಕ್ಕದ ಕಾಂಪೌಂಡ್ ಗೋಡೆಯನ್ನೂ ಕೆಡವಿ, ಅಂಗಳಕ್ಕೆ ಜಲ್ಲಿ ಹಾಕಿಸಿ ಸಮ ಮಾಡಿದ್ದರು. ಹಮಾಲಿ ಪುಟ್ಟರಾಜು ಇನ್ನೂ ಮೂವರ ಜೊತೆ ಬೀಡಿ ಸೇದುತ್ತ ಕೂತಿದ್ದ. ಒಡೆಯಲು ಬೂದುಗುಂಬಳಕಾಯಿಯೂ ಬಂದಿತ್ತು.

"ಗಾಡಿ ಎಲ್ಲವ್ವ? ಹೈವೇಲೇ ನಿಂತದಾ?" ಎಂದರು ಸ್ವಾಮಿಯವರು. ಹಗಲೂ ರಾತ್ರಿ ಊರು ಹಾಯ್ದು ಕೇರಳಕ್ಕೆ ಹೋಗುವ ಲಾರಿಗಳ ಮೇಲಿನ ಕಂಟೈನರನ್ನು ಬಿಟ್ಟು ಅವರು ಬೇರೆ ಕಂಟೈನರನ್ನು ಕಂಡವರಲ್ಲ.

ಮಿಸ್ಬಾ ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. "ಇದರಲ್ಲೇ ಇದೆ ಸಾರ್. ಆಪ್ ನಡೆಯೋಕೆ ಏನೇನು ಬೇಕೋ ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿರ್ತೀವಿ. ಯಾವ ಕಂಪ್ಯೂಟರ್‌ನಲ್ಲಿ ಬಿಚ್ಚಿದ್ರೂ ಒಂದೇ ಥರ ನಡೆಯುತ್ತೆ. ಆ ಗಂಟಿಗೆ ಕಂಟೈನರ್ ಅಂತ ಹೆಸರು."

ಸ್ವಾಮಿಯವರು ಪೆನ್‌ಡ್ರೈವನ್ನೂ ಗೋಡೆಯಿದ್ದ ಜಾಗವನ್ನೂ ನೋಡಿದರು. "ಇಷ್ಟುದ್ದುದ್ಕೆ ಕಾಂಪೌಂಡ್ ಕೆಡುವ್ಬುಟ್ನಲ್ಲವ್ವ!"

"ಬಂದದ್ದು ಬಂದ್ಬುಟ್ಟಿವಿ, ನಾವೇ ಇಳುಸ್ತೀವಿ ಬುಡಿ," ಎಂದು ಪುಟ್ಟರಾಜು ಎದ್ದು, ತಲೆಗೆ ಸಿಂಬಿ ಸುತ್ತಿ ಪೆನ್‌ಡ್ರೈವನ್ನು ತಟ್ಟೆಯಲ್ಲಿಟ್ಟು ಹೊತ್ತುಕೊಂಡ. ಮೂವರು ಅವನ ಹಿಂದೆ "ಉಸಾರು ಕಣ್ಲಾ, ಬಾರ ಜಾಸ್ತಿ" ಎನ್ನುತ್ತ ನಡೆದರು. ಕುಂಬಳಕಾಯಿ ಒಡೆದು, ಕಂಟೈನರು ಒಳಗೆ ಹೋಯಿತು.

ಹಳೆಯ ಕಂಪ್ಯೂಟರು ಕೆಮ್ಮಿ ಕ್ಯಾಕರಿಸಿ ಕೊನೆಗೂ ಆಪ್ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಕ್ಕರೆ ಕಾಯಿಲೆಯ ಕ್ಲಿನಿಕ್ಕೆಂಬುದನ್ನು ಮರೆತು ಕೇಸರಿಬಾತ್ ಹಂಚಿದರು. ಸ್ವಾಮಿಯವರು ಎರಡನೇ ತಟ್ಟೆಗೆ ಕೈ ಹಾಕಿದ್ದರು. ಆಗ ಅವರ ಹೆಂಡತಿ ಕರಿಬಸಮ್ಮ ಆಟೋದಿಂದ ಧುಮುಕಿದರು.

"ಕೆಳಗಿಕ್ಕಿ ತಟ್ಟೇಯ! ಮುನ್ನೂರೆಂಬತ್ತು ಅಂತೆ ಸುಗರ್ರು! ನನ್ ಪೋನಿಗೆ ಮೆಸೇಜ್ ಬಂದದೆ!"

ಮಿಸ್ಬಾ ಕಂಪ್ಯೂಟರಿನತ್ತ ಓಡಿದಳು. ಪರೀಕ್ಷೆಗೆಂದು ಅವಳು ಎಲ್ಲ ರೋಗಿಗಳ ಹೆಸರಿನ ಮುಂದೆಯೂ ಶುಗರ್ ಮುನ್ನೂರೆಂಬತ್ತು ಎಂದು ತುಂಬಿದ್ದಳು. ಅವರಲ್ಲಿ ಸ್ವಾಮಿಯವರೂ ಒಬ್ಬರು, ಕೊಟ್ಟಿದ್ದ ನಂಬರು ಹೆಂಡತಿಯದು. ಮೆಸೇಜು ಹೊರಗೆ ಹೋಗದಂತೆ ತಡೆಯುವ ಸೆಟ್ಟಿಂಗನ್ನು ಮಾತ್ರ ಗಂಟಿಗೆ ಕಟ್ಟದೆ ತನ್ನ ಲ್ಯಾಪ್‌ಟಾಪಿನಲ್ಲೇ ಬಿಟ್ಟು ಬಂದಿದ್ದಳು. ಸುತ್ತಲ ಹಳ್ಳಿಗಳಿಗೆಲ್ಲ ಆಗಲೇ ಸುದ್ದಿ ಮುಟ್ಟಿತ್ತು.

ತಪ್ಪಾಗಿದೆ ಎಂದು ಮತ್ತೊಂದು ಮೆಸೇಜು ಕಳಿಸಿದಳು. ಅದನ್ನು ಯಾರೂ ನಂಬಲಿಲ್ಲ. ಮರುದಿನ ಮನೆಯಿಂದ ಹೊರಡಲು ಅವಳ ಕಾಲೇ ಏಳಲಿಲ್ಲ. "ವೈರ್ ತಪ್ಪು ಕೊಟ್ಟೋರು ಮನೇಲಿ ಅವಿತುಕೊಂಡ್ರೆ ಆಗುತ್ತಾ ಬೇಟಾ?" ಎಂದು ಮಿಕ್ಸಿ ಬಿಚ್ಚುತ್ತಿದ್ದ ಅಬ್ಬಾ ಗದರಿದ ಮೇಲೆ ಹೋದಳು.

ಗೇಟಿಲ್ಲದ ಕ್ಲಿನಿಕ್‌ನ ಅಂಗಳದಲ್ಲಿ ಜನವೋ ಜನ. ಎಲ್ಲರೂ ಜಗಳಕ್ಕೇ ಬಂದವರು. ಮುಂದೆ ಹಂಗಳ ಹಳ್ಳಿಯ ಚಿಕ್ಕಮಲ್ಲಪ್ಪ ನಿಂತಿದ್ದ. "ಯಾರವ್ವ ಅದು ನಂಗೆ ಸುಗರ್ ಬರುಸ್ದೋಳು? ನಾನು ಬರೀ ಬಿಪಿ ಗಿರಾಕಿ! ಕಲ್ಲು ತಿಂದು ಅರಗುಸ್ಕೊಳೋ ಆಳು!"

"ನನ್ನದೇ ತಪ್ಪು, ಕ್ಷಮಿಸಿ..." ಎಂದು ಮಿಸ್ಬಾ ಬಾಯಿ ತೆರೆದಳು.

ನಾಗಲಕ್ಷ್ಮಿ ಅವಳ ಕೈ ಹಿಡಿದು ಪಕ್ಕಕ್ಕೆಳೆದರು. ಮುಖ ಅರಳಿಹೋಗಿತ್ತು. "ಸುಮ್ನಿರಮ್ಮ! ವರ್ಷದಿಂದ ಕರುದ್ರೂ ಬರ್ದೋರೆಲ್ಲ ಬಂದವ್ರೆ. ಕ್ಷಮೆ ಆಮೇಕೆ ಕೇಳನ." ಆಮೇಲೆ ಜನರತ್ತ ತಿರುಗಿ, "ಸುಳ್ಳೋ ನಿಜವೋ ಚುಚ್ಚೇ ನೋಡನ, ಸಾಲಾಗಿ ನಿಂತ್ಕಳಿ!" ಎಂದು ಕೂಗಿದರು.

ಚಿಕ್ಕಮಲ್ಲಪ್ಪ ಸವಾಲೆಸೆಯುವವನ ಹಾಗೆ ಬೆರಳು ಚಾಚಿದ. ಯಂತ್ರ ನಾನೂರ ಹನ್ನೆರಡು ತೋರಿಸಿತು. ಅವನು ಆ ಅಂಕಿಯನ್ನು ಎರಡು ಸಲ ಓದಿ ಮಿಸ್ಬಾಳತ್ತ ತಿರುಗಿದ.

"ಮೂವತ್ತೆರಡು ಕಮ್ಮಿ ಯೋಳ್ಬುಟ್ಟದಲ್ಲವ್ವ ನಿನ್ನ ಆಪು!"

ಅವನನ್ನು ಅಲ್ಲೇ ಕೂರಿಸಿ ಡಾಕ್ಟರು ಮಾತ್ರೆ ಶುರುಮಾಡಿದರು. ಸಂಜೆಯೊಳಗೆ ಮಿಸ್ಬಾ ಸುಳ್ಳು ಅಂಕಿಗಳನ್ನೆಲ್ಲ ಅಳಿಸಿ, ಮೆಸೇಜು ನರ್ಸ್ ಒಪ್ಪಿದ ಮೇಲಷ್ಟೇ ಹೋಗುವಂತೆ ಮಾಡಿದಳು.

ಮುಂದಿನ ತಿಂಗಳುಗಳಲ್ಲಿ ಚಿಕ್ಕಮಲ್ಲಪ್ಪ ಒಂದು ಸಲವೂ ತಪ್ಪಿಸಲಿಲ್ಲ. ಶುಗರ್ ನೂರರವತ್ತಕ್ಕೆ ಇಳಿದಿದೆ ಎಂಬ ಮೆಸೇಜು ಬಂದ ದಿನ ಫೋನು ಹಿಡಿದು ಮಿಸ್ಬಾಳನ್ನು ಹುಡುಕಿಕೊಂಡು ಮಿಕ್ಸಿ ಅಂಗಡಿಗೇ ಬಂದ.

"ಈ ಮೆಸೇಜ ಉಮ್ಮತ್ತೂರಲ್ಲಿರೋ ನಮ್ಮ ಬಾಮೈದ ಶಿವಶಂಕರಂಗೂ ಕಳ್ಸವ್ವ. ನಾನು ಸುಗರಲ್ಲಿ ಸತ್ತೇ ಓಯ್ತೀನಿ ಅಂತ ಊರೆಲ್ಲ ಯೋಳ್ಕಂಡು ತಿರುಗ್ತಾವ್ನೆ."

"ಬೇರೆಯವರ ವಿಷಯ ಆಪ್ ಇನ್ನೊಬ್ಬರಿಗೆ ಹೇಳಲ್ಲ ಅಣ್ಣ. ಕೊಡಿ, ನಿಮ್ಮ ಫೋನಿಂದಲೇ ಕಳಿಸೋಣ," ಎಂದು ಮಿಸ್ಬಾ ಕಳಿಸಿಕೊಟ್ಟಳು.

ಮರುವಾರ ಮೊದಲ ಬಸ್ಸಿಗೆ ಶಿವಶಂಕರ ಕ್ಲಿನಿಕ್‌ಗೆ ಬಂದಿಳಿದ. ಹೆಸರು ಬರೆಸುವ ಮೊದಲೇ ನಾಗಲಕ್ಷ್ಮಿಯ ಮುಂದೆ ಬೆರಳು ಚಾಚಿ, "ನೋಡ್ರಮ್ಮ, ನಮ್ಮ ಬಾವನ್ಗಿಂತ ಒಂದಾದ್ರೂ ಕಮ್ಮಿ ಬರ್ಬೇಕು ಕಣಿ," ಅಂದ.