ಬೆಲ್ಲ ನೀರು ಕೊಟ್ಟ ಮೇಲೆ

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ನೀರು. ಸಣ್ಣ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು. ಬಂದವರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಬೆವರು ಒರೆಸಿಕೊಂಡ ಮೇಲೆಯೇ ಬಂದ ಸಂಗತಿ ಕೇಳುವುದು. ಅದಕ್ಕೆ ಮೊದಲು ಕೇಳಬಾರದು. ಈಗ ಹೆಚ್ಚಿನ ಮನೆಗಳಲ್ಲಿ ಸೀದಾ ಚಹಾ ಕೊಡುತ್ತಾರೆ. ನನ್ನ ಅಮ್ಮ ಮಾತ್ರ ಬಿಟ್ಟಿರಲಿಲ್ಲ. ಮೀಟರ್ ನೋಡಲು ಬಂದವರಿಗೂ, ಓಟಿನ ಚೀಟಿ ತಂದವರಿಗೂ ತಟ್ಟೆ ಮುಂದಿಟ್ಟು, ಅವರು ಚೊಂಬು ಕೆಳಗಿಟ್ಟ ಮೇಲೆ, "ಈಗ ಹೇಳಿ, ಎಂತ ವಿಷಯ?" ಎನ್ನುತ್ತಿದ್ದಳು.

ತಮ್ಮನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ತಟ್ಟೆ.

ನನ್ನ ತಮ್ಮ ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಇಪ್ಪತ್ತೇಳು ವರ್ಷ ಬದುಕಿದ. ನಾನು ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಪಿಯುಸಿ ಮುಗಿಸಿ, ಬೆಳ್ಳಾರೆಯ ಹತ್ತಿರ ಅಂಗನವಾಡಿಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮನೆ ಮಾರ್ಗದ ಬದಿಯಲ್ಲೇ, ಒಂದು ಟಯರ್ ಅಂಗಡಿಯ ಹಿಂದೆ. ಅಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದರು. ಸುಳ್ಯಕ್ಕೆ, ಕಡಬಕ್ಕೆ, ಬಸ್ಸು ಹೋಗದ ಗುಡ್ಡದ ಮೇಲಿನ ಮನೆಗಳಿಗೆ. ತಮ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವರು ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದಳು.

ಅವನು ಮೊದಲು ಹಿಡಿದ ಸ್ಟಿಯರಿಂಗ್ ಅಮ್ಮನ ತಡ್ಪೆ. ಬೀಡಿಯ ಎಲೆ, ತಂಬಾಕು ಹಾಕಿ ಮಡಿಲಲ್ಲಿಟ್ಟುಕೊಳ್ಳುವ ಬಿದಿರಿನ ದುಂಡು ಮೊರ ಅದು. ಅಮ್ಮ ಎದ್ದು ಒಳಗೆ ಹೋದದ್ದೇ ತಡ, ಇವನು ಅದನ್ನು ಎದೆಗೆ ಆನಿಸಿ ತಿರುಗಿಸುತ್ತ ಅಂಗಳದಲ್ಲಿ ಓಡುತ್ತಿದ್ದ. ಬಾವಿಯ ಹತ್ತಿರ ತಿರುವು ಬಂದಾಗ ಬಾಯಲ್ಲೇ ಹಾರ್ನ್. ತಂಬಾಕಿನ ಪುಡಿ ಅಂಗಳವಿಡೀ ಬೀಳುತ್ತಿತ್ತು. ಅಮ್ಮ ಹೊಡೆಯಲು ಬಂದರೆ ಅಪ್ಪ ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ, "ಬಿಡು ಮಾರಾಯ್ತಿ, ತಿರುವಿನಲ್ಲಿ ಹಾರ್ನ್ ಹಾಕಿದ್ನಲ್ಲ, ಲೈಸೆನ್ಸ್ ಕೊಡಬಹುದು" ಎನ್ನುತ್ತಿದ್ದರು.

ಪುತ್ತೂರಿನಲ್ಲಿ ಡಿಗ್ರಿ ಓದುವಾಗ ಅವನು ವಾಯುಪಡೆಯ ಪರೀಕ್ಷೆ ಬರೆದದ್ದು ನನಗೆ ಮಾತ್ರ ಗೊತ್ತಿತ್ತು. ಮೊದಲ ಸಲ ಇಂಟರ್‌ವ್ಯೂನಲ್ಲಿ ಹೋಯಿತು. ಎರಡನೇ ಸಲ ಸಿಕ್ಕಿತು. ಸುದ್ದಿ ತಿಳಿದ ಅಮ್ಮ ಮಾರ್ಗದಲ್ಲಿ ಸಿಕ್ಕವರಿಗೆಲ್ಲ, "ಅಪ್ಪನ ಹಾಗೆಯೇ ಡ್ರೈವರ್. ಇವನಿಗೆ ಮಾರ್ಗ ಇಲ್ಲ, ಅಷ್ಟೇ" ಎಂದು ಹೇಳಿಕೊಂಡು ಬಂದಳು. ತಮ್ಮ ತಿದ್ದಲಿಲ್ಲ. ತರಬೇತಿಯಲ್ಲಿ ಮೊದಲ ಸಲ ಒಬ್ಬನೇ ಹಾರಿಸಿದ ದಿನ ಫೋನು ಮಾಡಿದ. ನಾನು ಸ್ಪೀಕರಿಗೆ ಹಾಕಿದೆ.

"ಅಮ್ಮ, ಇವತ್ತು ಒಬ್ಬನೇ ಹೋಗಿ ಬಂದೆ."

"ಹಾರ್ನ್ ಉಂಟಾ ಅದಕ್ಕೆ?"

"ಇಲ್ಲಮ್ಮ."

"ಹಾಗಾದ್ರೆ ತಿರುವಿನಲ್ಲಿ ಎಂತ ಮಾಡುದು?"

ಅವನು ಎಷ್ಟು ನಕ್ಕನೆಂದರೆ ಫೋನು ಪಕ್ಕದವರ ಕೈಗೆ ಕೊಟ್ಟ ಹಾಗೆ ಕೇಳಿಸಿತು. ಅಮ್ಮ ನಗಲಿಲ್ಲ. ಜೀಪು ಓಡಿಸುವವನ ಹೆಂಡತಿಯಾಗಿ ಇಪ್ಪತ್ತೈದು ವರ್ಷ ಅವಳು ಹೆದರಿದ್ದು ತಿರುವುಗಳಿಗೇ.

ರಜೆಯಲ್ಲಿ ಬಂದಾಗ ಅವನಿಗೂ ಬೆಲ್ಲ ನೀರು. ಮೊದಲ ಸಲ ಅವನಿಗೆ ಸಿಟ್ಟು ಬಂತು. "ನಾನು ನೆಂಟನಾ?" ಎಂದ. "ಎಷ್ಟು ದಿನ ರಜೆ ಉಂಟು?" ಎಂದಳು ಅಮ್ಮ. ಹತ್ತು ದಿನ. "ಮತ್ತೆ? ನೆಂಟನೇ. ತಿನ್ನು." ಆಮೇಲೆ ಅವನಿಗೆ ಅದೇ ಒಂದು ಆಟವಾಯಿತು. ಹೇಳಿದ ದಿನಕ್ಕಿಂತ ಮೊದಲೇ ಬರುವುದು, ಟಯರ್ ಅಂಗಡಿಯ ಹಿಂದೆ ಅಡಗುವುದು, ಆಟೋದವನನ್ನು ಮುಂದೆ ಕಳಿಸಿ "ಪಾರ್ಸೆಲ್ ಉಂಟು" ಎಂದು ಹೇಳಿಸುವುದು. ಅಮ್ಮ ಆಟೋದವನಿಗೆ ಬೆಲ್ಲ ಕೊಡುತ್ತಿರುವಾಗ ಹಿಂದಿನಿಂದ ಬಂದು, "ನನಗೆ?" ಎನ್ನುವುದು. ಹಿಂದಿರುಗುವಾಗ ಅರ್ಧ ಡಬ್ಬಿ ಬೆಲ್ಲ ಅವನ ಬ್ಯಾಗಿನಲ್ಲಿ ಹೋಗುತ್ತಿತ್ತು. ಅಷ್ಟು ಬೆಲ್ಲ ಅಲ್ಲಿ ಎಂತ ಮಾಡುತ್ತಾನೆಂದು ನಾವು ಕೇಳಲಿಲ್ಲ.

ಅದು ಮೇ ತಿಂಗಳು. ಗಾಳಿಮಳೆಗೆ ಮರ ಬಿದ್ದು, ನಮ್ಮಲ್ಲಿ ಎರಡು ದಿನದಿಂದ ಕರೆಂಟೂ ಇರಲಿಲ್ಲ, ಫೋನೂ ಹಿಡಿಯುತ್ತಿರಲಿಲ್ಲ. ಇನ್ನು ಎಂಟು ದಿನದಲ್ಲಿ ತಮ್ಮ ರಜೆಗೆ ಬರುವವನಿದ್ದ. "ಈ ಸಲ ಫ್ರೆಂಡನ್ನೂ ಕರ್ಕೊಂಡು ಬರ್ತೇನೆ. ಅವ ಸಮುದ್ರವೇ ನೋಡ್ಲಿಲ್ಲ ಮಾರಾಯ್ತಿ" ಎಂದು ನನಗೆ ಹೇಳಿದ್ದ. ಬೆಳಗ್ಗೆ ಹನ್ನೊಂದೂವರೆಗೆ ಮಾರ್ಗದಲ್ಲಿ ಒಂದು ಕಾರು ನಿಂತಿತು. ನೀಲಿ ಯೂನಿಫಾರ್ಮಿನ ಇಬ್ಬರು ಇಳಿದರು. ಒಬ್ಬರು ವಯಸ್ಸಾದವರು, ಇನ್ನೊಬ್ಬ ತಮ್ಮನ ಪ್ರಾಯದವ.

ಅಮ್ಮ ತಡ್ಪೆ ಬದಿಗಿಟ್ಟು ಎದ್ದಳು. ಅವಳ ಮುಖ ನನಗೆ ಈಗಲೂ ಕಾಣುತ್ತದೆ. ಬಂದವರನ್ನು ದಾಟಿ ಟಯರ್ ಅಂಗಡಿಯ ಕಡೆ ನೋಡಿ, ನಗುತ್ತ, ಗಟ್ಟಿಯಾಗಿ ಕೂಗಿದಳು:

"ಸಾಕು ಮಾರಾಯ, ಗೊತ್ತಾಯ್ತು. ಹೊರಗೆ ಬಾ!"

ಯಾರೂ ಬರಲಿಲ್ಲ. "ಇರಲಿ, ಅಲ್ಲೇ ಒಣಗಲಿ" ಎಂದು ಅಮ್ಮ ಅವರಿಬ್ಬರನ್ನು ಬೆಂಚಿನಲ್ಲಿ ಕೂರಿಸಿದಳು. ನಾನೂ ನಗುತ್ತಿದ್ದೆ. "ದೊಡ್ಡ ತುಂಡು ಕೊಡಮ್ಮ, ದೂರದಿಂದ ಬಂದಿದ್ದಾರೆ" ಎಂದು ಹೇಳಿದವಳು ನಾನೇ. ವಯಸ್ಸಾದವರು ಹಿಂದಿಯಲ್ಲಿ ಏನೋ ಹೇಳಲು ಹೊರಟರು. ಅಮ್ಮ ಕೈ ಅಡ್ಡ ಹಿಡಿದು ತಟ್ಟೆ ತೋರಿಸಿದಳು. ಪ್ರಾಯದವ ಅವರ ತೋಳು ಮೆಲ್ಲಗೆ ಮುಟ್ಟಿ, ತಾನು ಬೆಲ್ಲ ತೆಗೆದುಕೊಂಡ. ಅವರೂ ತೆಗೆದುಕೊಂಡರು. ಪ್ರಾಯದವ ಬಹಳ ಹೊತ್ತು ಜಗಿದ. ನೀರನ್ನು ಗುಟುಕು ಗುಟುಕಾಗಿ ಕುಡಿದ. ಚೊಂಬು ಕೆಳಗಿಟ್ಟಾಗ ಅಮ್ಮ ಎಂದಿನಂತೆ, "ಈಗ ಹೇಳಿ, ಎಂತ ವಿಷಯ?" ಎಂದಳು. ಅವನಿಗೆ ಅಳು ಒತ್ತರಿಸಿ ಬಂತು. ಅವನಿಗೆ ಕನ್ನಡ ಬರುವುದಿಲ್ಲವಲ್ಲ, ಯಾಕೆ ಹೀಗೆ ಎಂದು ನನಗೆ ಅನಿಸಿದ್ದು ಒಂದು ಕ್ಷಣ. ಅಷ್ಟರಲ್ಲಿ ವಯಸ್ಸಾದವರು ಎದ್ದು ನಿಂತು, ಟೊಪ್ಪಿ ತೆಗೆದು ಹೇಳಿದರು. ಶಾಲೆಯಲ್ಲಿ ಕಲಿತ ಹಿಂದಿ ನನಗೆ ಯಾಕಾದರೂ ಅರ್ಥವಾಗುತ್ತದೋ ಎನಿಸಿತು. ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾದವಳೂ ನಾನೇ.

ಮೂರನೇ ದಿನ ಅವನನ್ನು ತಂದರು. ಪುತ್ತೂರಿನಿಂದ ಈಚೆಗೆ ಮಾರ್ಗದ ಎರಡೂ ಬದಿಯಲ್ಲಿ ಜನ ನಿಂತಿದ್ದರಂತೆ. ಪೆಟ್ಟಿಗೆ ತೆರೆಯಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅಮ್ಮ ಆಮೇಲೆ ಯಾರಿಗೂ ಬೆಲ್ಲ ನೀರು ಕೊಡಲಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಸಮಾಧಾನ ಹೇಳಲು ಬಂದವರು ಒಣ ಬಾಯಲ್ಲಿ ಕೂತು ಎದ್ದು ಹೋದರು. ಬರುಬರುತ್ತ ಜನ ಬರುವುದೇ ಕಡಿಮೆಯಾಯಿತು. ಒಂದು ದಿನ ಯಾಕೆಂದು ನಾನು ಕೇಳಿದ್ದಕ್ಕೆ, ಎಲೆ ಕತ್ತರಿಸುತ್ತ, ತಲೆ ಎತ್ತದೆ ಹೇಳಿದಳು: "ಮಗ ಸತ್ತದ್ದು ಹೇಳ್ಲಿಕ್ಕೆ ಬಂದವರ ಬಾಯಿ ಸಿಹಿ ಮಾಡಿದವಳು ನಾನು. ನಗಾಡಿಕೊಂಡು."

"ನಿಂಗೆ ಗೊತ್ತಿರ್ಲಿಲ್ಲ ಅಲ್ವಾ ಅಮ್ಮ."

"ಮೊದಲು ಕೇಳ್ಬೇಕಿತ್ತು. ಕೇಳಿ ಮತ್ತೆ ಕೊಡ್ಬೇಕಿತ್ತು."

ಅವನು ಹೇಗೆ ಹೋದ ಎಂದು ಅವಳು ಕೇಳಲೇ ಇಲ್ಲ. ಯಾರಾದರೂ ಮಾತು ತೆಗೆದರೆ ಎದ್ದು ಬಾವಿಯ ಕಡೆ ಹೋಗುತ್ತಿದ್ದಳು. ಇಲಾಖೆಯಿಂದ ಬಂದ ಕಾಗದವನ್ನು ಓದಲು ನನ್ನನ್ನೂ ಬಿಡಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. "ದೊಡ್ಡ ತುಂಡು ಕೊಡಮ್ಮ" ಎಂದ ಬಾಯಿ ನನ್ನದೇ ಅಲ್ಲವಾ.

ತಮ್ಮನ ವರ್ಷಾಂತದ ಕ್ರಿಯೆ ಮುಗಿದ ಮರುದಿನ ಆ ಪ್ರಾಯದವ ಒಬ್ಬನೇ ಬಂದ. ಯೂನಿಫಾರ್ಮ್ ಇರಲಿಲ್ಲ. ಪುತ್ತೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದನಂತೆ, ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು. ಅದೇ ಬೆಂಚಿನಲ್ಲಿ ಕೂತ. ಅಮ್ಮ ಅವನನ್ನು ನೋಡಿದಳು, ತಡ್ಪೆ ಮಡಿಲಿಗೆ ಎಳೆದುಕೊಂಡಳು, ಬೀಡಿ ಕಟ್ಟುವುದನ್ನು ಮುಂದುವರಿಸಿದಳು. ಕೊನೆಗೆ ಅವನೇ, ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಕೇಳಿದ:

"ಅಮ್ಮ, ಬೆಲ್ಲ ನೀರು?"

ಅಮ್ಮನ ಕೈ ನಿಂತಿತು.

ಅವನು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳತೊಡಗಿದ. ಇವನದೂ ತಮ್ಮನದೂ ಒಂದೇ ಕೋಣೆ; ಸಮುದ್ರ ನೋಡಲು ಬರಬೇಕಿದ್ದ ಫ್ರೆಂಡ್ ಇವನೇ. ಅಪಘಾತವಾದ ದಿನ ಇವನು ಬೇರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ, ಆದ್ದರಿಂದ ನಮ್ಮಲ್ಲಿಗೆ ಇವನನ್ನೇ ಕಳಿಸಿದರು. ಹಿಮದ ಗುಡ್ಡಗಳ ಮೇಲಿನಿಂದ ಕಾಯಿಲೆ ಬಿದ್ದ ಸೈನಿಕರನ್ನು ಕೆಳಗೆ ತರುವುದು ತಮ್ಮನ ಕೆಲಸವಾಗಿತ್ತು. ಅವನ ಜೇಬಿನಲ್ಲಿ ಯಾವಾಗಲೂ ಬೆಲ್ಲ ಇರುತ್ತಿತ್ತು. ಹೆಲಿಕಾಪ್ಟರ್ ಇಳಿದ ಮೇಲೆ, ಬಾಯಿಗೆ ಏನಾದರೂ ಹಾಕಬಹುದಾದವರ ಕೈಗೆ ಒಂದು ತುಂಡು ಬೆಲ್ಲ, ನೀರಿನ ಬಾಟಲಿ ಕೊಡುತ್ತಿದ್ದ. ಆಮೇಲೆ ಒಂದು ವಾಕ್ಯ ಹೇಳುತ್ತಿದ್ದ. ಅದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಆ ವಾಕ್ಯವನ್ನು ಅವನು ತಮ್ಮನ ರಾಗದಲ್ಲೇ ಹೇಳಿದ: "ಈಗ ಹೇಳಿ, ಎಂತ ವಿಷಯ?"

ಅಮ್ಮ ತಡ್ಪೆ ಕೆಳಗಿಟ್ಟಳು. "ಕೇಳು ಅವನ ಹತ್ತಿರ. ಆ ದಿವಸ ಗೊತ್ತಿದ್ದೂ ತಿಂದನಾ?"

ಕೇಳಿದೆ. ಹೌದು ಎಂದ. ಬೆಲ್ಲ ಮುಗಿಯುವವರೆಗೆ ನೀವು ಕೇಳುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಮೆಲ್ಲಗೆ ತಿಂದೆ ಎಂದ. ಅಷ್ಟು ಹೊತ್ತಾದರೂ ನಿಮ್ಮ ನಗು ಹಾಗೇ ಇರಲಿ ಎಂದು.

ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ನೆಲಕ್ಕೆ ಕೈ ಊರಿ ಎದ್ದು ಒಳಗೆ ಹೋದಳು. ಅಟ್ಟದ ಏಣಿ ಸದ್ದು ಮಾಡಿತು. ಒಂದು ಮಳೆಗಾಲ ಕಳೆದ ಬೆಲ್ಲ, ಡಬ್ಬಿಯಲ್ಲಿ ನೀರೊಡೆದು ಕಪ್ಪಗೆ ಪಾಕವಾಗಿತ್ತು. ಅಂಗಡಿಯಿಂದ ತರುತ್ತೇನೆ ಎಂದೆ. ಬೇಡವೆಂದಳು. ಚಮಚದಲ್ಲಿ ಕೆರೆದು ತಟ್ಟೆಗೆ ಹಾಕಿ, ಚೊಂಬಿನ ಜೊತೆ ತಂದು ಅವನ ಮುಂದಿಟ್ಟಳು. ಅವನು ಬೆರಳಿನಲ್ಲಿ ತೆಗೆದು ತಿಂದ. ನೀರು ಕುಡಿದು ಚೊಂಬು ಕೆಳಗಿಟ್ಟ.

ಅಮ್ಮ ಅವನ ಎದುರಿಗೆ ನೆಲದಲ್ಲಿ ಕೂತಳು.

"ಈಗ ಹೇಳು ಮಗ, ಎಂತ ಆಯ್ತು?"

ಅವನು ಹೇಳುತ್ತ ಹೋದ, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಬೆಳಗ್ಗೆ ಹವೆ ಚೆನ್ನಾಗಿಯೇ ಇತ್ತು. ಮೇಲೆ ಒಬ್ಬ ಸೈನಿಕನಿಗೆ ಉಸಿರಾಟದ ತೊಂದರೆಯಾಗಿತ್ತು. ಕರೆತರಲು ಹೋದರು. ಕಣಿವೆ ಒಂದು ಕಡೆ ಎಡಕ್ಕೆ ಹೊರಳುತ್ತದೆ, ಅಲ್ಲಿ ಒಮ್ಮೆಲೇ ಮಂಜು ಇಳಿಯಿತು.

"ತಿರುವಿನಲ್ಲಾ?" ಎಂದಳು ಅಮ್ಮ.

"ಹೌದಮ್ಮ" ಎಂದೆ ನಾನು.

ಅಮ್ಮ ತಲೆ ಆಡಿಸಿದಳು. ಮುಂದೆ ಹೇಳು ಎಂದು ಅವನಿಗೆ ಕೈ ಮಾಡಿದಳು.