ಕೊಡೆಬಟ್ಟೆಯ ಕುಲಾವಿ

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪಾಟೀಲ ಸರ್ ಹರಿದ ಕೊಡೆಯನ್ನು ಎಸೆಯಲು ಬಿಟ್ಟವರಲ್ಲ. ದಾಂಡೇಲಿಯ ಮಳೆಗೆ ಯಾರ ಕೊಡೆ ಮುರಿದರೂ ಅದು ಅವರ ಮೇಜು ಸೇರಬೇಕು. ಅದರ ಕರಿಬಟ್ಟೆ ಕತ್ತರಿಸಿ, ಹಲ್ಲಿನಿಂದ ದಾರ ಕಡಿಯುತ್ತ, ಬೆಳಕು ತಾಗದಂತೆ ಬೀಕರುಗಳಿಗೆ ಕುಲಾವಿ ಹೊಲಿಯುತ್ತಿದ್ದರು. "ಕತ್ತಲದಾಗಿಂದು ನೋಡೂತನ ಬೆಳಕಿನ ಮಾತು ಆಡಬ್ಯಾಡ್ರಿ" ಎನ್ನುವುದು ಅವರ ಮಂತ್ರ.

ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ನೀರಿನಲ್ಲಿರುವ ಬಣ್ಣವನ್ನು ಒಡೆಯುತ್ತದೆ. ಆದರೆ ಅದಕ್ಕೆ ನೇರಳಾತೀತ ಕಿರಣವೇ ಬೇಕು. ಒಂದಿಷ್ಟು ಸಾರಜನಕ ಸೇರಿಸಿದರೆ ಕಣ್ಣಿಗೆ ಕಾಣುವ ಬೆಳಕೂ ಸಾಕಾದೀತು ಎಂಬುದು ಆಗಿನ ಹೊಸ ಸುದ್ದಿ. "ಸಾರಜನಕಕ್ಕ ಎಲ್ಲಿ ಹೋಗೂಣು? ನಿಮ್ಮ ಹೊಲದಾಗ ಐತಲ್ಲಾ!" ಎಂದರು ಸರ್. ಸಾಂಬ್ರಾಣಿ ಎಂಬ ಊರಿನ ನಮ್ಮ ಮನೆಯಿಂದ ಭತ್ತಕ್ಕೆ ಹಾಕುವ ಯೂರಿಯಾವನ್ನು ಡಬ್ಬಿಯಲ್ಲಿ ತಂದೆ. ಎರಡನ್ನೂ ಅರೆದು ಕುಲುಮೆಯಲ್ಲಿ ಕಾಸಿದಾಗ ಬಿಳಿ ಪುಡಿ ತಿಳಿಹಳದಿಯಾಯಿತು. ಸರ್ ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದರು.

ಕಿಟಕಿಯ ಬೆಳಕಿನಲ್ಲಿಟ್ಟ, ನೀಲಿ ಬಣ್ಣ ಬೆರೆಸಿದ ಬೀಕರಿನ ನೀರು ಹಳದಿ ಪುಡಿಯಿಂದ ತಿಳಿಯಾಯಿತು. ಆದರೆ ಅದರ ಜೊತೆಗೇ ನಾನು ಕುಲಾವಿ ಹಾಕಿಟ್ಟಿದ್ದ ಇನ್ನೊಂದನ್ನು ತೆರೆದು ನೋಡಿದರೆ, ಆ ಕತ್ತಲೆಯ ಬೀಕರಿನಲ್ಲೂ ಅಷ್ಟೇ ತಿಳಿ! ಪುಡಿ ಬಣ್ಣವನ್ನು ಒಡೆದಿರಲಿಲ್ಲ, ಮೈಗೆ ಮೆತ್ತಿಕೊಂಡು ತಳದಲ್ಲಿ ನೀಲಿಯಾಗಿ ಕೂತಿತ್ತು. ಇದನ್ನೂ ಬರೆದುಕೊಟ್ಟೆ. ಸರ್ ಬಹಳ ಹೊತ್ತು ಓದಿ, "ಇರಲಿ ಬಿಡವಾ, ನಾ ನೋಡ್ಕೋತೇನಿ" ಎಂದರು.

ಧಾರವಾಡದ ವಿಚಾರಗೋಷ್ಠಿಯಲ್ಲಿ ಅವರು ಕಿಟಕಿಯ ಬೀಕರಿನ ಫಲಿತಾಂಶವನ್ನಷ್ಟೇ ತೋರಿಸಿದರು. ನಾನು ಎಂ.ಎಸ್ಸಿ.ಗೆ ಸೇರಬೇಕೆಂದಿದ್ದ ವಿಭಾಗದ ಹಿರಿಯರೊಬ್ಬರು ಎದ್ದರು: "ಕತ್ತಲದಾಗ ಇಟ್ಟು ನೋಡೀರೇನ್ರಿ?"

ಸರ್ ಸಭೆಯಲ್ಲಿ ಕೂತಿದ್ದ ನನ್ನತ್ತ ಕೈ ಮಾಡಿದರು. "ಈ ಹುಡುಗಿಗೆ ಹೇಳಿದ್ದೆ ರೀ. ಇಡೂದು ಮರತಾಳ."

ಸಭೆ ನಕ್ಕಿತು. ದೇವರಂತೆ ನಂಬಿದ್ದ ಮನುಷ್ಯ ನನ್ನನ್ನು ಹಾಗೆ ಮಾರಿಬಿಟ್ಟಿದ್ದರು. ಆ ವಿಭಾಗದ ಮೆಟ್ಟಿಲು ಹತ್ತುವ ಮುಖ ನನಗೆ ಉಳಿಯಲಿಲ್ಲ. ಬಿ.ಎಡ್. ಮಾಡಿ ಮುಂಡಗೋಡದ ಕಡೆ ಹೈಸ್ಕೂಲಿನಲ್ಲಿ ಶಿಕ್ಷಕಿಯಾದೆ.

ಕೊನೆಯ ಸಲ ಅವರನ್ನು ಕಂಡದ್ದು ದಾಂಡೇಲಿ ಕಡೆಯ ರಾಮನಗರದ ಬಸ್ ನಿಲ್ದಾಣದಲ್ಲಿ, ಅವರು ನಿವೃತ್ತರಾದ ಮೇಲೆ. ಪಕ್ಕದಲ್ಲಿದ್ದ ಹೆಂಡತಿಗೆ ನನ್ನ ಗುರುತು ಹೇಳಿದರು: "ಸಾಂಬ್ರಾಣಿ ಹುಡುಗಿ. ಭಾಳ ಶಾಣ್ಯಾಕಿ. ಅವತ್ತೊಂದು ಕತ್ತಲ ಬೀಕರ್ ಇಡೂದು ಮರತಳು ನೋಡು, ಇಲ್ಲಂದ್ರ ಎಲ್ಲಿಗೋ ಹೋಗ್ತಿದ್ದಳು." ದನಿಯಲ್ಲಿ ಕಪಟವಿರಲಿಲ್ಲ, ನಿಜವಾದ ಮರುಕವಿತ್ತು. ತಮ್ಮ ಸುಳ್ಳನ್ನು ತಾವೇ ನಂಬಿಬಿಟ್ಟಿದ್ದರು.

ಅಷ್ಟರಲ್ಲಿ ಮಳೆ ಬಂತು. ಸರ್ ತಮ್ಮ ಕೊಡೆ ಚಾಚಿ, "ತಗೋವಾ, ತೋಯ್ತಿ" ಎಂದರು.

ನಾನು ತೆಗೆದುಕೊಳ್ಳಲಿಲ್ಲ. ತೋಯ್ದುಕೊಂಡೇ ಬಸ್ಸಿನ ತನಕ ಹೋದೆ.