ಮುಬೀನಾ ಸುದ್ದಿಗೆ ಹೋದದ್ದು

ಸುದ್ದಿ ಇಲ್ಲದೆ ನನಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. ಇದು ಚಟ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕೆ ಎರಡು ಗಂಟೆ ದೂರದ ನಮ್ಮ ಮೀರಾ ಮೆಸಾದಲ್ಲಿ ಬೆಳಗಾದರೆ ಕಡಲಿನಿಂದ ಮಂಜು ಎದ್ದು ಬಂದು ಎದುರು ಮನೆಯ ಗ್ಯಾರೇಜನ್ನೂ ಅಳಿಸಿಹಾಕುತ್ತದೆ. ಆ ಮಬ್ಬಿನಲ್ಲಿ ಕೂತು ಫೋನು ಸವರುತ್ತಿದ್ದರೆ ಈ ದೇಶದ ರಾದ್ಧಾಂತಗಳೆಲ್ಲ ಯಾರೋ ಕಂಡ ಕನಸಿನ ಹಾಗೆ ತೇಲಿಹೋಗುತ್ತವೆ. ಒಂದು ವರ್ಷ ಮಾಸ್ಕ್ ಹಾಕಬೇಕೋ ಬೇಡವೋ ಎಂಬ ಜಗಳ. ಇನ್ನೊಮ್ಮೆ ಆಕಾಶದಲ್ಲಿ ಬಲೂನೊಂದು ತೇಲಿ ಬಂತು. ಅದು ಬೇಹುಗಾರಿಕೆಯದೋ ಹವಾಮಾನದ್ದೋ ಎಂದು ದೇಶವೇ ಕತ್ತೆತ್ತಿ ನೋಡಿತು. ಆಮೇಲೆ ಹಾಲಿವುಡ್ಡಿನವರು ಕಥೆ ಬರೆಯುವುದು ಬಿಟ್ಟು ಬೋರ್ಡು ಹಿಡಿದು ರಸ್ತೆಯಲ್ಲಿ ನಿಂತರು. ಅಷ್ಟೆಲ್ಲ ಕೂಗಾಡಿದ್ದು ಯಾಕೆಂದು ಕೇಳಿದರೆ ಈಗ ನಾನೂ ತಲೆ ಕೆರೆದುಕೊಳ್ಳುತ್ತೇನೆ.

ನಮ್ಮ ಕನ್ನಡದ ‘ಸುದ್ದಿ’ ಮಾತ್ರ ಫೋನಿನಲ್ಲಿ ಹಿಡಿಸುವಂಥದ್ದಲ್ಲ. ಬಹಳ ದಿನ ಕಾಣದವರಿಗೆ ‘ಸುದ್ದಿಯೇ ಇಲ್ಲವಲ್ಲ’ ಎನ್ನುತ್ತೇವೆ. ಮುನಿಸಿಕೊಂಡರೆ ‘ಅವರ ಸುದ್ದಿಗೆ ಹೋಗಬೇಡ’ ಎನ್ನುತ್ತೇವೆ. ಬಲ್ಲವರ ಪ್ರಕಾರ ಈ ಪದ ‘ಶುದ್ಧಿ’ಯಿಂದ ಬಂದದ್ದಂತೆ. ಪಾಪ, ಅವರು ನನ್ನ ಫೋನು ನೋಡಿಲ್ಲ.

ಲಾಸ್ ಏಂಜಲೀಸಿನ ಅಂಚಿನಲ್ಲಿರುವ ಚಾಟ್ಸ್‌ವರ್ತ್‌ನ ಮುಬೀನಾ ನನ್ನ ಹಳೆಯ ಗೆಳತಿ, ಮೈಸೂರಿನವರು. ಮೊದಲು ಪೊಮೊನಾದಲ್ಲಿ ಒಂದೇ ಗೋಡೆಯ ಆಚೆ ಈಚೆ ಇದ್ದವರು ನಾವು. 2020ರ ಚುನಾವಣೆಯ ಮತ ಎಣಿಕೆ ದಿನಗಟ್ಟಲೆ ಎಳೆಯುತ್ತಿದ್ದಾಗ ಇಬ್ಬರೂ ಫೋನಿನಲ್ಲೇ ಕಚ್ಚಾಡಿದೆವು. ಇಬ್ಬರಿಗೂ ಇಲ್ಲಿ ಓಟಿಲ್ಲ ಎಂಬುದು ಆ ಬಿಸಿಯಲ್ಲಿ ಯಾರಿಗೂ ನೆನಪಾಗಲಿಲ್ಲ. “ಇನ್ನ ನಿಮ್ಮ ಸುದ್ದಿಗೆ ಬರೂದಿಲ್ರೀ” ಎಂದು ಹುಬ್ಬಳ್ಳಿಯ ಗತ್ತಿನಲ್ಲಿ ನಾನೇ ಫೋನಿಟ್ಟೆ. ಆಡಿದ ಮಾತನ್ನು ನಾಲ್ಕು ವರ್ಷ ಉಳಿಸಿಕೊಂಡೆ. ಬೇಡದ ವಿಷಯದಲ್ಲಿ ನಾನು ಬಹಳ ಶಿಸ್ತಿನವಳು.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಬೆಂಕಿ ಎದ್ದಿತು. ಫೋನಿನ ನಕ್ಷೆಯಲ್ಲಿ ಕೆಂಪು ಕಲೆಗಳು ಹಿಗ್ಗುತ್ತಿದ್ದವು. ಈ ಸಲ ಅದು ಯಾರದೋ ಕನಸಿನ ಹಾಗಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಆದರೂ ಫೋನ್ ಮಾಡಲು ಅಹಂಕಾರ ಬಿಡಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಗಳು ಅನುಗೆ, “ಮುಬೀನಾ ಆಂಟಿ ಸುದ್ದಿ ಏನರ ಅದ ಏನು, ನೋಡವಾ” ಎಂದೆ.

ಅವಳು ಫೋನಿನಲ್ಲಿ ಬಹಳ ಹೊತ್ತು ಹುಡುಕಿ, “ಷೀ ಈಸ್ ನಾಟ್ ಇನ್ ದ ನ್ಯೂಸ್, ಅಮ್ಮಾ” ಎಂದಳು. ಸಾಲದ್ದಕ್ಕೆ, ಆ ಹೆಸರಿನ ಸುದ್ದಿ ಎಲ್ಲಿ ಬಂದರೂ ಫೋನು ಕೂಗಲಿ ಎಂದು ಅಲರ್ಟ್ ಬೇರೆ ಇಟ್ಟಿದ್ದಳು.

ನಗುವೂ ಬಂತು, ಅಳುವೂ ಬಂತು. ಸುದ್ದಿಯಾಗಬಾರದವರನ್ನೇ ಸುದ್ದಿಯಲ್ಲಿ ಹುಡುಕಿಸುತ್ತಿದ್ದೆನಲ್ಲ! ನಂಬರ್ ಒತ್ತಿದೆ.

“ನಮ್ಮ ಸುದ್ದಿಗೆ ಬರಲ್ಲ ಅಂದಿದ್ರಿ?” ಎಂದರು ಮುಬೀನಾ.

“ಬಂದೀನ್ರೀ. ಹೆಂಗಿದ್ದೀರಿ?”

“ಕಾರಿಗೆ ಸಾಮಾನು ತುಂಬ್ತಾ ಇದೀನಿ. ಎಲ್ಲಿಗೆ ಹೋಗೋದು ಅಂತ ಗೊತ್ತಾಗ್ತಿಲ್ಲ.”

“ಇಲ್ಲಿಗೇ ಡ್ರೈವ್ ಮಾಡ್ರಿ. ಬ್ಯಾರೆ ಮಾತು ಬ್ಯಾಡ.”

ಐದು ದಿನ ನಮ್ಮಲ್ಲೇ ಇದ್ದರು. ಟಿವಿ ಹಾಕಿದಾಗಲೆಲ್ಲ ಮತ್ತೆ ಕಚ್ಚಾಡಿದೆವು, ಒಂದೇ ಸೋಫಾದಲ್ಲಿ ಕೂತು. ಪುಣ್ಯಕ್ಕೆ ಅವರ ಮನೆಗೆ ಹೊಗೆಯ ವಾಸನೆ ಬಿಟ್ಟರೆ ಏನೂ ಆಗಿರಲಿಲ್ಲ.

ಅಲರ್ಟ್ ತೆಗೆದುಹಾಕುತ್ತೇನೆ ಎಂದಳು ಅನು. ಇರಲಿ ಬಿಡು ಎಂದೆ. ಒಮ್ಮೆ ಯಾವುದೋ ಊರಿನ ಮುಬೀನಾ ಕೇಕ್ ಸ್ಪರ್ಧೆಯಲ್ಲಿ ಗೆದ್ದ ಸುದ್ದಿ ಬಂತು. ಅದನ್ನು ನಮ್ಮ ಮುಬೀನಾಗೆ ಕಳಿಸಿ ಅಭಿನಂದಿಸಿದೆ. ಉಳಿದ ದಿನಗಳಲ್ಲಿ, ಎದುರು ಮನೆ ಇನ್ನೂ ಮಂಜಿನಲ್ಲೇ ಇರುವಾಗ, ಮಗಳು ಶಾಲೆಗೆ ಹೊರಡುತ್ತ ಫೋನು ನೋಡಿ ಹೇಳುತ್ತಾಳೆ: “ನಥಿಂಗ್ ನ್ಯೂ, ಅಮ್ಮಾ.”

ಕಾಫಿ ಸಲೀಸಾಗಿ ಇಳಿಯುತ್ತದೆ.